ಮಾವನ ಹಿಮ್ಮಡಿ

ಮಾವನ ಬಲಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದ್ದನ್ನು ಮೊದಲು ಕಂಡವಳು ಸೊಸೆ. ಮೊದಲು ಕಂಡದ್ದೇ ಅವಳ ತಪ್ಪಾಯಿತು.

ಸ್ನಾನ ಮಾಡಿಸಿ, ಕುರ್ಚಿಯಲ್ಲಿ ಕೂರಿಸಿ, ಟವೆಲಿನಿಂದ ಬೆರಳ ಸಂದಿಗಳನ್ನು ಒರೆಸುತ್ತಿದ್ದಳು. ಪಾರ್ಶ್ವವಾಯು ಬಡಿದ ಮೇಲೆ ಮಾವನ ಬಲಭಾಗ ಅವರದ್ದಾಗಿ ಉಳಿದಿರಲಿಲ್ಲ. ಮಾತೂ ಅದರ ಜೊತೆಗೇ ಹೋಗಿತ್ತು. ಎಡಗೈ ಒಂದು ಆಡುತ್ತಿತ್ತು, ಕಣ್ಣು ಎಲ್ಲವನ್ನೂ ನೋಡುತ್ತಿತ್ತು, ಅಷ್ಟೇ. ಹಿಮ್ಮಡಿಯ ಹೊರ ಅಂಚಿನಲ್ಲಿ ಕೋಟಿನ ಗುಂಡಿಯಷ್ಟು ಅಗಲಕ್ಕೆ ನೀರು ತುಂಬಿ ನಿಂತಿತ್ತು. ಅವಳು ಬೆರಳಿಟ್ಟರೂ ಮಾವನಿಗೆ ತಿಳಿಯಲಿಲ್ಲ. ಎದುರು ಗೋಡೆಯ ಮೇಲೆ ಹೋಗುತ್ತಿದ್ದ ಇರುವೆಸಾಲನ್ನು ನೋಡುತ್ತ ಕೂತಿದ್ದರು.

"ಅತ್ತೇ, ಸ್ವಲ್ಪ ಬನ್ನಿ ಇಲ್ಲಿ."

ಅತ್ತೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಬಂದರು. ಕಾಲು ನೋಡಿದರು, ಬಕೆಟ್ಟು ನೋಡಿದರು, ಆಮೇಲೆ ಸೊಸೆಯನ್ನು ನೋಡಿದರು.

"ನೀರು ಎಷ್ಟು ಕಾದಿತ್ತು?"

"ಮೊಣಕೈ ಅದ್ದಿ ನೋಡೇ ಹಾಕಿದ್ದು ಅತ್ತೆ. ಉಗುರುಬೆಚ್ಚಗಿತ್ತು."

"ಉಗುರುಬೆಚ್ಚಗಿನ ನೀರಿಗೆ ಬೊಬ್ಬೆ ಏಳುತ್ತಾ?"

"ಅದನ್ನೇ ನಾನೂ ಯೋಚನೆ ಮಾಡ್ತಿರೋದು..."

"ಉರಿ ಅವರಿಗೆ ಗೊತ್ತಾಗಲ್ಲ. ನಿನಗೂ ಗೊತ್ತಾಗಲ್ವಾ?"

ಆ ಮನೆಯಲ್ಲಿ ಸುಡುವ ವಸ್ತುಗಳಿಗೇನೂ ಬರವಿರಲಿಲ್ಲ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಮೂರು ಇಸ್ತ್ರಿಮೇಜು, ಹಿಂದೆ ಹಬೆಯ ಪಾತ್ರೆ, ಅದರ ಪಕ್ಕದಲ್ಲೇ ಅಡುಗೆ ಒಲೆ. ಊರಿನ ದೊಡ್ಡ ಹೋಟೆಲೊಂದರ ಬಡಿಸುವವರ ಅಂಗಿ, ಕೋಟು, ಹಾಸಿಗೆಯ ಚಾದರ ಎಲ್ಲ ಇಲ್ಲಿಗೆ ಬರುತ್ತಿದ್ದವು. ಮನೆಯ ಎಲ್ಲರ ಮುಂಗೈ ಮೇಲೂ ಕಂದು ಗೆರೆಗಳಿದ್ದವು. ಸೊಸೆಯ ಎಂಟು ವರ್ಷದ ಮಗಳು ಪುಟ್ಟಿಗೂ ಒಂದಿತ್ತು. ಇಂಥ ಮನೆಯಲ್ಲಿ ಯಾರದಾದರೂ ಚರ್ಮ ಸುಟ್ಟರೆ ಕಾರಣ ಹುಡುಕಿಕೊಂಡು ಯಾರೂ ಬೀದಿಗೆ ಹೋಗುವುದಿಲ್ಲ, ಕೈ ಚಾಚಿದಲ್ಲಿ ಸಿಗುತ್ತದೆ.

ಬಟ್ಟೆ ಸುಡುವುದು ಮಾತ್ರ ಬೇರೆ ವಿಷಯ. ಒಂದು ಅಂಗಿಯ ಮೇಲೆ ಇಸ್ತ್ರಿಯ ಮೂತಿ ಮೂಡಿದರೂ ಹೋಟೆಲಿನ ಮ್ಯಾನೇಜರು ಇಡೀ ಗಂಟನ್ನು ವಾಪಸು ಕಳಿಸುತ್ತಿದ್ದ. ಅದಕ್ಕೇ ಅತ್ತೆಯ ಮೂಗು ಆ ಬೀದಿಯಲ್ಲಿ ಹೆಸರುವಾಸಿ. ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಹೆರೆಯುತ್ತಲೇ, "ಯಾರದು ಅಲ್ಲಿ, ನೈಲಾನು ಕಮಟುತ್ತಿದೆ, ತೆಗಿ ಕೈ!" ಎಂದು ಕೂಗುತ್ತಿದ್ದರು. ಹತ್ತಿ ಯಾವುದು, ಪಾಲಿಯೆಸ್ಟರು ಯಾವುದು, ಕಾಲರಿನೊಳಗಿನ ಗಟ್ಟಿ ಬಟ್ಟೆ ಯಾವುದು ಎಂದು ವಾಸನೆಯಲ್ಲೇ ಹೇಳುತ್ತಿದ್ದರು, ಹೇಳಿದ್ದು ತಪ್ಪುತ್ತಲೂ ಇರಲಿಲ್ಲ.

ಅಂದು ಊಟಕ್ಕೆ ಕೂತಾಗ ಮಾತು ಮತ್ತೆ ಎದ್ದಿತು.

"ನಾಳೆಯಿಂದ ಸ್ನಾನ ನಾನೇ ಮಾಡಿಸ್ತೀನಿ," ಎಂದರು ಅತ್ತೆ, ಮಾವನ ಬಾಯಿಗೆ ಗಂಜಿ ಹಾಕುತ್ತ. "ನೀನು ಚಾದರ ನೋಡ್ಕೋ. ಚಾದರಕ್ಕೆ ಬೊಬ್ಬೆ ಏಳಲ್ಲ."

ಮೈದುನ ನಕ್ಕ. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಪುಟ್ಟಿ ಬ್ರೆಡ್ಡಿನ ತುಂಡು ಕೈಯಲ್ಲಿ ಹಿಡಿದು, "ಅಮ್ಮ ತಾತನ ಕಾಲು ಸುಟ್ಟಳಾ?" ಎಂದಳು.

"ಇಲ್ಲ ಕಣೇ," ಎಂದಳು ಸೊಸೆ. ಗಂಡನ ಕಡೆ ನೋಡಿದಳು. "ನೀವಾದ್ರೂ ಒಂದು ಮಾತು ಹೇಳಬಾರದಾ?"

"ಏನು ಹೇಳಲಿ? ನಾನು ಅಲ್ಲಿದ್ನಾ? ಆಗಿದ್ದು ಆಯ್ತು, ಇನ್ನು ಮೇಲೆ ನೋಡ್ಕೊಂಡು ಹಾಕು ಅಷ್ಟೇ."

ಅಷ್ಟೇ ಎಂದರೆ ಅವಳೇ ಸುಟ್ಟಳು ಎಂದು ಅವನೂ ಒಪ್ಪಿದ ಹಾಗಾಯಿತು. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಗಂಡನದು ವ್ಯಾನಿನ ಕೆಲಸ. ಸೆಕೆಂಡ್‌ಹ್ಯಾಂಡು ಮಿನಿವ್ಯಾನು, ಒಂದು ಸಂಸಾರ ಕಾಲು ನೀಡಿಕೊಂಡು ಪ್ರಯಾಣ ಮಾಡಲಿ ಎಂದು ತಯಾರಾದದ್ದು. ಇವರು ಹಿಂದಿನ ಸಾಲನ್ನು ಕಿತ್ತು ಅಂಗಿ ತೂಗುಹಾಕಲು ಕಬ್ಬಿಣದ ಸಲಾಕೆ ಹಾಕಿದ್ದರು. ನಡುವಿನ ಎರಡು ಬಿಡಿ ಆಸನಗಳನ್ನು ಉಳಿಸಿಕೊಂಡಿದ್ದರು. ಅದರಲ್ಲಿ ಬಲಗಡೆಯದ್ದು ಮಾವನದ್ದು. ಮುಂದಿನ ಕೋಣೆಯ ಗದ್ದಲದಲ್ಲಿ ಅವರನ್ನು ನೋಡಿಕೊಳ್ಳುವವರಿಲ್ಲವೆಂದು ಒಮ್ಮೆ ಕರೆದುಕೊಂಡು ಹೋದದ್ದೇ ಅಭ್ಯಾಸವಾಯಿತು. ಕಾಯಿಲೆಗೆ ಮುಂಚೆ ಇದೇ ಗಂಟುಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಊರೆಲ್ಲ ತಿರುಗಿದ ಮನುಷ್ಯ. ಈಗ ಬೆಲ್ಟು ಬಿಗಿಸಿ ಕೂರಿಸಿದರೆ ಕಿಟಕಿಯಾಚೆ ನೋಡುತ್ತ ಮಗುವಿನ ಹಾಗೆ ಖುಷಿಪಡುತ್ತಿದ್ದರು. ಬಿಟ್ಟು ಹೋದರೆ ಆ ದಿನ ಗಂಜಿ ಒಳಗೆ ಇಳಿಯುತ್ತಿರಲಿಲ್ಲ.

ವ್ಯಾನಿನ ಪಕ್ಕದ ಬಾಗಿಲು ಗುಂಡಿ ಒತ್ತಿದರೆ ತಾನೇ ಜಾರಿ ತೆರೆಯುತ್ತಿತ್ತು. ಆ ವೈಭವ ನೋಡಲು ಮೊದಮೊದಲು ಅಕ್ಕಪಕ್ಕದವರೂ ಬಂದಿದ್ದರು. ಈಚೆಗೆ ಅದು ಅರ್ಧಕ್ಕೆ ನಿಂತು ಯೋಚನೆ ಮಾಡತೊಡಗಿತ್ತು. ಒಳಗಿನ ದೀಪ ಕಣ್ಣು ಮಿಟುಕಿಸುತ್ತಿತ್ತು. ಫ್ಯೂಸು ಪದೇ ಪದೇ ಹೋಗುತ್ತಿತ್ತು.

ಅದಕ್ಕೆಲ್ಲ ವೈದ್ಯ ಮೈದುನ. ಕಾರುಗಳಿಗೆ ಸ್ಪೀಕರು ಕೂರಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೀದಿಯವರು ಅವನನ್ನು ಕರೆಂಟು ಎಂದೇ ಕರೆಯುತ್ತಿದ್ದರು, ಅವನಿಗೂ ಆ ಹೆಸರಿನ ಮೇಲೆ ಪ್ರೀತಿ. ದಾರಿಯಲ್ಲಿ ಕಾಲರು ಸುಕ್ಕಾಗುತ್ತದೆಂದು ಮ್ಯಾನೇಜರು ತಕರಾರು ತೆಗೆದಾಗ ಉಪಾಯ ಹುಡುಕಿದವನೂ ಇವನೇ. ಮುಂದಿನ ಬ್ಯಾಟರಿಯಿಂದ ನೆಲದ ಕಾರ್ಪೆಟ್ಟಿನ ಕೆಳಗೆ ವೈರು ಎಳೆದು, ವೈರು ಸಾಲದ ಕಡೆ ಇನ್ನೊಂದನ್ನು ತಿರುಚಿ ಸೇರಿಸಿ, ಹಿಂದೆ ಬ್ಯಾಟರಿಯ ವಿದ್ಯುತ್ತನ್ನು ಮನೆಯದರಂತೆ ಮಾಡುವ ಒಂದು ಡಬ್ಬಿ ಇಟ್ಟು ಇಸ್ತ್ರಿಪೆಟ್ಟಿಗೆಗೆ ಜೀವ ಕೊಟ್ಟಿದ್ದ. ಈಗ ಹೋಟೆಲಿನ ಹಿತ್ತಲಲ್ಲಿ ವ್ಯಾನು ನಿಲ್ಲಿಸಿ, ಸುಕ್ಕಾದ ಕಾಲರನ್ನು ಅಲ್ಲೇ ತೀಡಿ ಒಳಗೆ ಕೊಡಬಹುದಿತ್ತು. "ನನ್ನ ಚಿಕ್ಕವನ ತಲೆಯೇ ತಲೆ," ಎಂದು ಅತ್ತೆ ಬಂದವರಿಗೆಲ್ಲ ಹೇಳಿದ್ದರು.

"ಮತ್ತೆ ಫ್ಯೂಸು ಹೋಯ್ತು ಕಣೋ," ಎಂದು ಗಂಡ ಒಂದು ಬೆಳಿಗ್ಗೆ ಗೊಣಗಿದ.

"ಇನ್ನು ಹೋಗಲ್ಲ ಬಿಡು," ಎಂದ ಕರೆಂಟು. ಫ್ಯೂಸಿನ ಜಾಗಕ್ಕೆ ತಾಮ್ರದ ಪಟ್ಟಿ ಬಗ್ಗಿಸಿ ತುರುಕಿದ. ನಿಜಕ್ಕೂ ಆಮೇಲೆ ಅದು ಹೋಗಲಿಲ್ಲ. ಎಲ್ಲರೂ ಅವನನ್ನು ಹೊಗಳಿದರು.

ಬೊಬ್ಬೆ ಒಡೆದು ಹುಣ್ಣಾಗಿ, ಹುಣ್ಣು ಮಾಗುವ ಹೊತ್ತಿಗೆ ಅದರ ಪಕ್ಕದಲ್ಲೇ ಇನ್ನೊಂದು ಎದ್ದಿತು. ಈ ಸಲ ಸ್ನಾನ ಮಾಡಿಸುತ್ತಿದ್ದವರು ಅತ್ತೆ.

ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. "ಈಗ ಯಾರ ನೀರು ಅತ್ತೆ?"

"ಹಳೇದೇ ಹರಡಿದೆ."

"ಹಳೇದು ಆ ಕಡೆ ಇದೆ. ಇದು ಈ ಕಡೆ."

"ನನಗೆ ಎದುರು ಮಾತಾಡೋಕೆ ಕಾಯ್ತಾ ಇದ್ದೆ ಅಲ್ವಾ ನೀನು? ಅವರ ಕಾಲು ಬೇಯ್ತಾ ಇದೆ, ನಿನಗೆ ಗೆದ್ದ ಸಂಭ್ರಮ!"

ಸಂಭ್ರಮ ಸ್ವಲ್ಪ ಇತ್ತು, ಸುಳ್ಳೇಕೆ? ಎಷ್ಟೋ ದಿನ ನುಂಗಿಕೊಂಡ ಮಾತಿಗೆ ಅಂದು ಬಾಯಿ ಸಿಕ್ಕಿತ್ತು. ಆದರೆ ಮಾವನ ಮುಖ ನೋಡಿದ ಕೂಡಲೇ ಅದು ಇಳಿದುಹೋಯಿತು. ಅವರು ಎಡಗೈ ಎತ್ತಿ ಇಬ್ಬರ ಕಡೆಗೂ ಬೇಡ, ಬೇಡ ಎನ್ನುವಂತೆ ಆಡಿಸುತ್ತಿದ್ದರು.

ಇಬ್ಬರೂ ಸೇರಿ ಅವರನ್ನು ದವಾಖಾನೆಗೆ ಕರೆದೊಯ್ದರು. ಗಾಯ ತೊಳೆದ ನರ್ಸಮ್ಮ, "ಇದು ನೀರಿನದ್ದಲ್ಲ. ನೀರಾದರೆ ಹರಡಿ ಸುಡುತ್ತೆ. ಕಾದಿದ್ದು ಯಾವುದೋ ಒಂದೇ ಕಡೆ ಒತ್ತಿಕೊಂಡು ಕೂತಿದೆ," ಎಂದಳು.

ಸೊಸೆಗೆ ಉಸಿರು ಬಂದ ಹಾಗಾಯಿತು. ಅದು ಒಂದು ನಿಮಿಷದ ಮಾತು. ಹೊರಗೆ ಬಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಅತ್ತೆ ನಿಂತರು.

"ಒತ್ತಿದ್ದು ಅಂದ್ಲು. ನಮ್ಮನೇಲಿ ಒತ್ತೋದು ಏನು ಗೊತ್ತಲ್ಲ? ಯಾರು ಅವರ ಕಾಲಿಗೆ ಇಸ್ತ್ರಿ ಇಟ್ಟಿದ್ದು?"

"ಅತ್ತೇ!"

"ನೀರು ಅಂದಾಗ ಕೈತಪ್ಪು ಅಂದ್ಕೊಂಡಿದ್ದೆ. ಇದು ಕೈತಪ್ಪಲ್ಲ. ಮುದುಕನ ಸೇವೆ ಮಾಡಿ ಸಾಕಾಗಿದ್ರೆ ಬಾಯಿಬಿಟ್ಟು ಹೇಳು."

ಮಾವ ಗಾಲಿಕುರ್ಚಿಯಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದರು, ತಲೆ ಅಡ್ಡಡ್ಡ ಆಡಿಸುತ್ತ. ಅವರೊಬ್ಬರೇ ಅವಳ ಸಾಕ್ಷಿ, ಅವರಿಗೆ ನಾಲಿಗೆ ಇರಲಿಲ್ಲ. ನಿಜ ಗೊತ್ತಾಗುವ ತನಕ ಅವರ ಪಕ್ಕ ಬಿಟ್ಟು ಕದಲಬಾರದು ಎಂದು ಅವಳು ಅಲ್ಲೇ ನಿಶ್ಚಯಿಸಿದಳು.

ಮರುದಿನದಿಂದ ನೆರಳಿನ ಹಾಗೆ ಹಿಂದೆ ಬಿದ್ದಳು. ಮಾವ ಮಲಗಿದರೆ ಪಕ್ಕದಲ್ಲಿ ಕೂತು ಗುಂಡಿ ಹೊಲಿದಳು. ಅವರು ಉಣ್ಣುವಾಗ ಕಾಲ ಬಳಿ ಕೂತಳು. ಅತ್ತೆ, "ಕಾವಲು ಬೇರೆ," ಎಂದು ಮೂತಿ ತಿರುವಿದರು. ಗಂಡ ವ್ಯಾನು ತೆಗೆದಾಗ, "ನಾನೂ ಬರ್ತೀನಿ," ಎಂದು ಹತ್ತಿದಳು.

"ಚಾದರ ಯಾರು ಮಡಚೋದು?"

"ಮಡಚೋರು ಮಡಚಲಿ."

ಮಾವನ ಪಕ್ಕದ ಆಸನದಲ್ಲಿ ಕೂತು, ಚಪ್ಪಲಿ ಬಿಚ್ಚಿ, ತನ್ನ ಬರಿಗಾಲನ್ನು ಅವರ ಬರಿಗಾಲಿಗೆ ಆನಿಸಿ ಇಟ್ಟುಕೊಂಡಳು. ದಾರಿಯುದ್ದಕ್ಕೂ ಏನೂ ಇಲ್ಲ. ಹೋಟೆಲಿನ ಹಿತ್ತಲು ಬಂತು. ಗಂಡ ಎಂಜಿನು ಓಡುತ್ತಿರುವಂತೆಯೇ ಹಿಂದೆ ಬಂದು ಇಸ್ತ್ರಿ ಹಚ್ಚಿ, ಒಂದೊಂದೇ ಕಾಲರು ತೀಡತೊಡಗಿದ. ಮೊದಲು ಪಾದಕ್ಕೆ ಹಿತವಾಗಿ ಬೆಚ್ಚಗೆ. ಆಮೇಲೆ ಬಿಸಿ. ಆಮೇಲೆ ಅವಳು ಕಿರುಚಿ ಕಾಲು ಎಳೆದುಕೊಂಡಳು, ಮಾವನ ಕಾಲನ್ನೂ ಎರಡು ಕೈಯಲ್ಲಿ ಬಾಚಿ ಎತ್ತಿದಳು.

"ಆರಿಸಿ! ಅದನ್ನ ಆರಿಸಿ ಮೊದಲು!"

ಗಂಡ ಬಗ್ಗಿ ಕಾರ್ಪೆಟ್ಟಿಗೆ ಅಂಗೈ ಇಟ್ಟ. ಇಟ್ಟವನು ಹಾಗೇ ಕೈ ಕೊಡವಿದ. ಅವನ ಮುಖ ಬಿಳಿಚಿತು. ಹೋಗಿ ಇಸ್ತ್ರಿಯ ವೈರು ಕಿತ್ತ.

"ನಾನು ಅವತ್ತು ಮಾತಾಡಬೇಕಿತ್ತು," ಎಂದ.

"ಹೌದು, ಮಾತಾಡಬೇಕಿತ್ತು," ಎಂದಳು. ಅವಳಿಗೆ ಅವನನ್ನು ಸಮಾಧಾನ ಮಾಡುವ ಮನಸ್ಸಾಗಲಿಲ್ಲ.

ಮನೆಯಲ್ಲಿ ರಾದ್ಧಾಂತವಾಯಿತು. ಕರೆಂಟು ಕಾರ್ಪೆಟ್ಟು ಎತ್ತಿ ನೋಡಿದ. ವೈರು ತಿರುಚಿ ಸೇರಿಸಿದ ಜಾಗ ಕಪ್ಪಾಗಿ, ಸಿಪ್ಪೆ ಸುಲಿದು, ಒಳಗಿನ ತಾಮ್ರ ಕಾಣುತ್ತಿತ್ತು. ಸರಿಯಾಗಿ ಮಾವನ ಹಿಮ್ಮಡಿ ಊರುವ ಜಾಗ.

"ಟೇಪು ಸಡಿಲ ಆಗಿದೆ ಅಷ್ಟೇ," ಎಂದು ಕಪ್ಪು ಟೇಪನ್ನು ಸುತ್ತಿಯೇ ಸುತ್ತಿದ.

"ಅಷ್ಟೇ ಅಂತೀಯಲ್ಲ, ಅವರ ಕಾಲು ನೋಡಿದೀಯಾ?" ಎಂದಳು ಸೊಸೆ. "ಟೇಪು ಸುತ್ತಬೇಡ. ಇಡೀ ವೈರೇ ಕಿತ್ತು ಬಿಸಾಕು."

"ಅತ್ತಿಗೆ, ನಾನು ದಿನಕ್ಕೆ ಹತ್ತು ಕಾರು ನೋಡ್ತೀನಿ."

"ಹತ್ತು ಕಾರಲ್ಲಿ ಹಾಡು ಕೇಳಿಸ್ತೀಯ. ಒಂದರಲ್ಲೂ ಇಸ್ತ್ರಿ ಹಾಕಿಸಿಲ್ಲ."

ಅತ್ತೆ ನಡುವೆ ಬಂದರು. "ವೈರು ಕಿತ್ತರೆ ಕಾಲರು ಯಾರು ತೀಡ್ತಾರೆ? ಗಂಟು ವಾಪಸು ಬಂದರೆ ತಿನ್ನೋದು ಏನು, ಈ ಟೇಪಾ? ಅವರ ಸೀಟು ಎಡಗಡೆಗೆ ಹಾಕಿ. ಕಾಲ ಕೆಳಗೆ ಒಂದು ಹಲಗೆ ಇಡಿ. ಮುಗೀತಲ್ಲ."

ಹೀಗೆ ಬೆಂಕಿಯನ್ನು ಅದರ ಜಾಗದಲ್ಲೇ ಬಿಟ್ಟು ಮನುಷ್ಯನ ಜಾಗ ಬದಲಾಯಿಸಲು ಮನೆಯವರೆಲ್ಲ ಒಪ್ಪಿದರು. ಗಂಡ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿ, "ಅಪ್ಪ ಒಳಗಿರುವಾಗ ಇಸ್ತ್ರಿ ಹಚ್ಚಲ್ಲ. ಅವರನ್ನ ಹೊರಗೆ ಇಳಿಸಿಕೊಂಡೇ ಹಚ್ತೀನಿ. ಅಮ್ಮ, ಕೇಳಿಸ್ತಲ್ಲ ನಿನಗೂ? ಸರೀನಾ?" ಎಂದ.

ಅವಳು ಸರಿ ಎಂದಳು. ದಣಿದಿದ್ದಳು. ತನ್ನ ಮೇಲಿನ ಮಾತು ಹೋಯಿತಲ್ಲ ಎಂಬ ನಿರಾಳವೂ ಇತ್ತು. ಅತ್ತೆ ತಪ್ಪಾಯಿತು ಎನ್ನಲಿಲ್ಲ, ಅದು ಅವರ ಜಾಯಮಾನವಲ್ಲ. ಮರುದಿನ ಬೆಳಿಗ್ಗೆ ಬಕೆಟ್ಟನ್ನು ಅವಳ ಮುಂದಿಟ್ಟು, "ತಗೋ, ನನ್ನ ಸೊಂಟ ನೋಯುತ್ತೆ," ಎಂದರು. ಬೇಯಿಸಿದ ಮೊಟ್ಟೆಯಲ್ಲಿ ದೊಡ್ಡದನ್ನು ಅವಳ ತಟ್ಟೆಗೆ ಹಾಕಿದರು. ಸೊಸೆ ಅದನ್ನು ತಿಂದಳು.

ಕೆಲವು ವಾರ ಗಂಡ ಮಾತಿಗೆ ತಪ್ಪಲಿಲ್ಲ. ಹಿಮ್ಮಡಿ ಒಣಗಿತು. ಸೊಸೆ ದಿನವೂ ವ್ಯಾನಿನಲ್ಲಿ ಹೋಗಿ ಬರುತ್ತಿದ್ದಳು. ಗಂಡನೂ ಅವಳೂ ಸೇರಿ ಮಾವನನ್ನು ಇಳಿಸಿ, ನೆರಳಲ್ಲಿ ಕೂರಿಸಿ, ಆಮೇಲೆ ಇಸ್ತ್ರಿ ಹಚ್ಚುತ್ತಿದ್ದರು. ಹೊರಗಿನಿಂದ ಬಾಗಿಲಿನ ಗುಂಡಿಯನ್ನು ಎರಡು ಮೂರು ಸಲ ಒತ್ತಿದರಷ್ಟೇ ತೆರೆಯುತ್ತಿತ್ತು. "ನೋಡಿಸಬೇಕು," ಎಂದು ಗಂಡ ಪ್ರತಿದಿನ ಹೇಳುತ್ತಿದ್ದ.

ಆ ದಿನ ಪುಟ್ಟಿಗೆ ಜ್ವರ ಬಂತು. ಮೈ ಕೆಂಡದಂತಾಗಿ ಮಗು ತಾಯಿಯ ಕುತ್ತಿಗೆ ಬಿಡಲಿಲ್ಲ.

"ಇವತ್ತು ಮಾವ ಮನೇಲಿರಲಿ," ಎಂದಳು ಸೊಸೆ.

ಮಾವ ಆಗಲೇ ಎಡಗೈಯಲ್ಲಿ ಟೋಪಿ ಹಿಡಿದು ಬಾಗಿಲ ಕಡೆ ನೋಡುತ್ತಿದ್ದರು. ಅತ್ತೆ, "ನೀನು ಮಗು ನೋಡ್ಕೋ. ಅವರ ಜೊತೆ ನಾನು ಹೋಗ್ತೀನಿ. ನಿನಗಿಂತ ಮುಂಚೆಯಿಂದ ನೋಡ್ಕೊಂಡಿದೀನಿ," ಎಂದರು.

ಮಗುವನ್ನು ಹೆಗಲಿಗೆ ಹಾಕಿಕೊಂಡೇ ಸೊಸೆ ವ್ಯಾನಿನ ತನಕ ಹೋದಳು. ಒಂದು ಕೈಯಲ್ಲೇ ಮಾವನ ಬೆಲ್ಟು ಬಿಗಿದಳು. ಟೋಪಿ ಸರಿಮಾಡಿದಳು. ಅವರು ನಕ್ಕರು.

ಮಧ್ಯಾಹ್ನದ ಗಂಜಿ ಇಳಿಸುತ್ತಿದ್ದಾಗ ಗಂಡನ ಫೋನು ಬಂತು. ಅವನ ಏದುಸಿರಷ್ಟೇ ಕೇಳಿಸಿತು. ಹಿಂದೆ ಯಾರೋ ನೀರು, ನೀರು ಎಂದು ಕೂಗುತ್ತಿದ್ದರು.

ನಡೆದದ್ದನ್ನು ಅವನು ಆಸ್ಪತ್ರೆಯ ಮೊಗಸಾಲೆಯಲ್ಲಿ ತುಂಡುತುಂಡಾಗಿ ಹೇಳಿದ. ಮೊದಲ ಗಂಟನ್ನು ಹೆಗಲಿಗೆ ಹಾಕಿಕೊಂಡು ಅವನು ಹೋಟೆಲಿನ ಮೇಲಕ್ಕೆ ಹೋಗಿದ್ದ. ಮಾವ ವ್ಯಾನಿನ ಒಳಗೇ ಇದ್ದರು, ಬಿಸಿಲಿತ್ತೆಂದು ಏಸಿಗಾಗಿ ಎಂಜಿನು ಓಡುತ್ತಿತ್ತು. ಇಸ್ತ್ರಿ ಹಚ್ಚಬೇಡ, ನಾನು ಬಂದು ಅಪ್ಪನನ್ನು ಇಳಿಸುತ್ತೇನೆ ಎಂದು ತಾಯಿಗೆ ಹೇಳಿಯೇ ಹೋಗಿದ್ದ. ಮ್ಯಾನೇಜರು ಎಣಿಸಿಕೊಳ್ಳುವುದು ತಡವಾಯಿತು. ಕೆಳಗೆ ಬಂದಾಗ ವ್ಯಾನಿನ ಗಾಜಿನೊಳಗೆ ಬರೀ ಕಪ್ಪು. ಪಕ್ಕದ ಬಾಗಿಲಿನ ಗುಂಡಿ ಒತ್ತಿದ, ಒತ್ತಿದ, ಅದು ಜಗ್ಗಲಿಲ್ಲ. ಮುಂದಿನ ಬಾಗಿಲಿನಿಂದ ನುಗ್ಗಿ ತಾಯಿಯನ್ನು ಎಳೆದು ಹಾಕಿದ. ಮತ್ತೆ ಒಳಗೆ ಹೋದ. ಅಪ್ಪನ ಬೆಲ್ಟಿನ ತನಕ ಕೈ ಹೋಯಿತು, ಅಂಗಿಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಜನ ಅವನನ್ನು ಕಾಲು ಹಿಡಿದು ಹೊರಗೆಳೆದರು.

"ಬೆಲ್ಟು ಬಿಗಿದವಳು ನಾನು," ಎಂದಳು ಅವಳು. ಅವನ ತೋಳು ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು.

ಮಾವನ ಅಂತ್ಯಕ್ರಿಯೆ ಎಲ್ಲ ಮುಗಿದ ಮೇಲೆ, ಸುಟ್ಟ ವಾಹನಗಳನ್ನು ಪರೀಕ್ಷಿಸುವ ಅಧಿಕಾರಿಯೊಬ್ಬ ಮನೆಗೆ ಬಂದ. ವಯಸ್ಸಾದವನು, ಮೆತ್ತಗಿನ ಮಾತಿನವನು. ಮುಂದಿನ ಕೋಣೆಯಲ್ಲಿ ಇಸ್ತ್ರಿಮೇಜುಗಳ ನಡುವೆ ಸ್ಟೂಲು ಹಾಕಿಕೊಂಡು ಕೂತ. ಅತ್ತೆಯ ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಮೇಜುಗಳು ತಣ್ಣಗಿದ್ದವು.

"ಬ್ಯಾಟರಿಯಿಂದ ಹಿಂದಕ್ಕೆ ಒಂದು ವೈರು ಎಳೆದಿದೆ. ಫ್ಯೂಸಿನ ಜಾಗದಲ್ಲಿ ತಾಮ್ರದ ಪಟ್ಟಿ ಇದೆ," ಎಂದ ಅವನು. "ಫ್ಯೂಸು ಇದ್ದಿದ್ರೆ ವೈರು ಕಾಯೋಕೆ ಮುಂಚೆ ಅದು ಸುಟ್ಟು ಎಲ್ಲ ನಿಂತುಹೋಗ್ತಿತ್ತು. ಯಾರ ಕೆಲಸ ಇದು?"

ಕರೆಂಟು ಗೋಡೆಗೆ ಒರಗಿ ನಿಂತಿದ್ದ. ಅವನ ತುಟಿ ಒಣಗಿತ್ತು. ಗಂಡ ನೆಲ ನೋಡಿದ.

"ನಮ್ಮನೆಯವರದ್ದು," ಎಂದರು ಅತ್ತೆ.

"ಅಂದ್ರೆ?"

"ಹೋದರಲ್ಲ, ಅವರದ್ದು. ಅವರಿಗೆ ಇಂಥದ್ದೆಲ್ಲ ಒಂದು ಹುಚ್ಚು."

ಅಧಿಕಾರಿ ಬರೆದುಕೊಳ್ಳಲು ಪೆನ್ನು ತೆಗೆದ. ಸೊಸೆಗೆ ಕೋಪ ಉಕ್ಕಿ ಬಂತು. ಜೀವಮಾನದಲ್ಲಿ ಅಷ್ಟು ಕೋಪ ಅವಳಿಗೆ ಬಂದಿರಲಿಲ್ಲ.

"ಅವರಲ್ಲ ಸಾರ್."

"ನೀನು ಒಳಗೆ ಹೋಗು, ಮಗು ಕರೀತಿದೆ," ಎಂದರು ಅತ್ತೆ.

"ಮಗು ಶಾಲೆಗೆ ಹೋಗಿದೆ." ಅವಳು ಅತ್ತೆಯ ಎದುರಿಗೆ ಬಂದು ನಿಂತಳು. "ಅವರ ಕಾಲು ಸುಟ್ಟಾಗ ನನ್ನ ಮೇಲೆ ಹಾಕಿದ್ರಿ. ನನಗೆ ಬಾಯಿತ್ತು, ನಾನಲ್ಲ ಅಂದೆ. ಅವರಿಗೆ ಆಗಲೂ ಬಾಯಿರಲಿಲ್ಲ, ಈಗಲೂ ಇಲ್ಲ. ಅವರ ಮೇಲೆ ಹಾಕಬೇಡಿ ಅತ್ತೆ."

ಅತ್ತೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗೋಡೆಯ ಕಡೆಯಿಂದ, "ನಾನೇ ಸಾರ್," ಎಂದು ಕರೆಂಟು ಅಂದ. "ವೈರೂ ನಾನೇ ಎಳೆದದ್ದು. ಪಟ್ಟಿಯೂ ನಾನೇ ಹಾಕಿದ್ದು." ಅಂದವನು ಹಾಗೇ ನೆಲಕ್ಕೆ ಕುಸಿದು, ಮಂಡಿಯ ನಡುವೆ ತಲೆ ಹುದುಗಿಸಿಕೊಂಡ. ಅತ್ತೆ ಅವನ ತಲೆ ಮುಟ್ಟಲು ಹೋದರು, ಬಟ್ಟೆ ಸುತ್ತಿದ ಕೈ ಅರ್ಧಕ್ಕೆ ನಿಂತಿತು.

ಅಧಿಕಾರಿ ಬರೆದುಕೊಂಡ. ಆಮೇಲೆ ಅತ್ತೆಯ ಕಡೆ ತಿರುಗಿದ.

"ಇಸ್ತ್ರಿ ಹಚ್ಚಿದ್ದು?"

"ನಾನು. ಒಂದು ಕಾಲರು ಸುಕ್ಕಾಗಿತ್ತು."

"ಹೊಗೆ ತುಂಬೋಕೆ ಮುಂಚೆ ವಾಸನೆ ಬಂದಿರಬೇಕಲ್ಲಮ್ಮ. ಒಳಗೇ ಇದ್ರಿ ನೀವು."

"ಬಂತು."

"ಆವಾಗಲೇ ಅವರನ್ನ ಕರ್ಕೊಂಡು ಯಾಕೆ ಇಳೀಲಿಲ್ಲ?"

ಅತ್ತೆ ಅಧಿಕಾರಿಗೆ ಹೇಳಲಿಲ್ಲ, ಸೊಸೆಯ ಮುಖ ನೋಡಿ ಹೇಳಿದರು.

"ಪಾಲಿಯೆಸ್ಟರು ಅಂದ್ಕೊಂಡೆ ಕಣೇ. ಯಾವುದೋ ಅಂಗಿಗೆ ಇಸ್ತ್ರಿ ತಾಗಿದೆ, ಮ್ಯಾನೇಜರು ನೋಡೋಕೆ ಮುಂಚೆ ತೆಗೆದಿಡೋಣ ಅಂತ ಒಂದೊಂದೇ ಇಳಿಸಿ ನೋಡಿದೆ. ಕಾಲರು ನೋಡಿದೆ, ತೋಳು ನೋಡಿದೆ, ಬೆನ್ನು ನೋಡಿದೆ. ಎಲ್ಲಾ ಚೆನ್ನಾಗೇ ಇದ್ವು, ಒಂದೂ ಸುಟ್ಟಿರಲಿಲ್ಲ. ಅವರು ಎಡಗೈಲಿ ನನ್ನ ತೋಳು ಹಿಡಿದು ಎಳೀತಾನೇ ಇದ್ರು. ಸ್ವಲ್ಪ ಸುಮ್ನಿರಿ, ಇನ್ನು ನಾಲ್ಕೇ ಅಂಗಿ ಇರೋದು, ಅಂದೆ."